ಒಂದು ಹಕಾರ

ಒತ್ತಕ್ಕ ಮಾಡಿದ ಮೊದಲ ತಪ್ಪೆಂದರೆ ತಪ್ಪಿಲ್ಲದೆ ಬರೆದದ್ದು.

ಹತ್ತೊಂಬತ್ತು ವರ್ಷಗಳಿಂದ ಅವಳು ಒಂದು ದಿನಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದಳು. ಒತ್ತಕ್ಷರ ಬಿಟ್ಟುಹೋದ ಒಂದು ಪದವೂ ಅವಳ ಮೇಜು ದಾಟಿ ಮುಂದೆ ಹೋಗುತ್ತಿರಲಿಲ್ಲವಾದ್ದರಿಂದ ಕಚೇರಿಯವರು ಇಟ್ಟ ಹೆಸರು ಅದು. ವರದಿಗಾರರು ಬೆನ್ನ ಹಿಂದೆ ನಗುತ್ತಿದ್ದರು. ಎದುರಿಗೆ ಬರುವಾಗ ಮಾತ್ರ ಬರೆದದ್ದನ್ನು ಎರಡು ಸಲ ಓದಿಕೊಂಡು ಬರುತ್ತಿದ್ದರು. ಅಂಥವಳು ಬುಧವಾರ ಬೆಳಿಗ್ಗೆ, ಜನ್ಮದಲ್ಲಿ ಮೊದಲ ಸಲ, ಗೋಡೆಯ ಮೇಲೆ ಬರೆದಳು:

"ಚಿತ್ರದಲ್ಲಿರುವ ಮಹಿಳೆಯ ಮುಖ ಕಾಣುತ್ತಿಲ್ಲ. ಆದ್ದರಿಂದ ಆಕೆ ಇಂಥವಳೇ ಎಂದು ಹೇಳಲು ಆಧಾರವಿಲ್ಲ; ದಯವಿಟ್ಟು ಈ ಚರ್ಚೆಯನ್ನು ಇಲ್ಲಿಗೇ ನಿಲ್ಲಿಸಿ."

ಒಂದು ನಿಮಿಷದೊಳಗೆ ಉತ್ತರ ಬಂತು. "ಲೋ, ಅರ್ಧವಿರಾಮ ಇಟ್ಟಿದಾರೆ ನೋಡ್ರೋ! ಟೀಚರ್ ಬಂದ್ರು, ಎದ್ದು ನಿಂತ್ಕೊಳ್ಳಿ ಎಲ್ಲಾ." ಅದರ ಕೆಳಗೆ "ನಮಸ್ತೇ ಟೀಚರ್" ಎಂದು ಒಬ್ಬ ಬರೆದ. ಇನ್ನೊಬ್ಬನೂ ಅದನ್ನೇ ಬರೆದ. ಹಾಗೆ ಐವತ್ತಮೂರು ಸಲ ಬಂತು. ಒತ್ತಕ್ಕ ಎಣಿಸಿದಳು, ಎಣಿಸದೆ ಬಿಡುವುದು ಅವಳಿಗೆ ಗೊತ್ತಿರಲಿಲ್ಲ.

ಗೋಡೆ ಎಂಬುದು ಚಿತ್ರ ಅಂಟಿಸುವ ಒಂದು ಅಂತರ್ಜಾಲ ತಾಣ. ಯಾರು ಬೇಕಾದರೂ ಒಂದು ಚಿತ್ರ ಹಾಕಬಹುದು, ಯಾರು ಬೇಕಾದರೂ ಅದರ ಕೆಳಗೆ ಬರೆಯಬಹುದು. ಹೆಸರು ಕೇಳುವುದಿಲ್ಲ. ಬರೆದವರೆಲ್ಲರ ತಲೆಯ ಮೇಲೂ 'ಯಾರೋ' ಎಂದೇ ಮೂಡುತ್ತದೆ. ಒಂದು ಚಿತ್ರ ಮತ್ತು ಅದರ ಕೆಳಗಿನ ಮಾತುಗಳಿಗೆ ಅಲ್ಲಿಯವರು ಎಳೆ ಎನ್ನುತ್ತಾರೆ. ಯಾರಾದರೂ ಒಂದು ಮಾತು ಸೇರಿಸಿದರೆ ಎಳೆ ಮೊದಲ ಪುಟದ ತುದಿಗೆ ಬರುತ್ತದೆ; ಯಾರೂ ಮುಟ್ಟದಿದ್ದರೆ ಕೆಳಗಿಳಿಯುತ್ತ ಇಳಿಯುತ್ತ ಹತ್ತನೇ ಪುಟದಿಂದ ಜಾರಿ ಅಳಿಸಿಹೋಗುತ್ತದೆ. ಇದೇ ಗೋಡೆಯ ಮೇಲೆ ಒಬ್ಬನ ಸತ್ತ ನಾಯಿಗಾಗಿ ಮುನ್ನೂರು ಮಂದಿ ಅತ್ತದ್ದುಂಟು. ಕಳುವಾದ ಸೈಕಲ್ಲನ್ನು ಅದರ ಮಡ್‌ಗಾರ್ಡಿನ ಮೇಲಿದ್ದ ಅರ್ಧ ಹರಿದ ಸ್ಟಿಕ್ಕರಿನಿಂದ ಪತ್ತೆ ಮಾಡಿಕೊಟ್ಟದ್ದೂ ಉಂಟು. ಒಬ್ಬ ಟೈಲರನನ್ನು ಕಳ್ಳನೆಂದು ಹಿಡಿದು, ಅವನು ಅಂಗಡಿ ಮುಚ್ಚಿ ಊರು ಬಿಟ್ಟ ಮೇಲೆ ಅವನಲ್ಲವೆಂದು ತಿಳಿದು, "ಗುರಿ ತಪ್ಪಿತು, ಸಾರಿ ಯಾರೋ" ಎಂದು ಬರೆದು ಮುಂದಿನ ಚಿತ್ರಕ್ಕೆ ಹೋದದ್ದೂ ಉಂಟು.

ಈಗಿನ ಚಿತ್ರ ಮಂಗಳವಾರ ಸಂಜೆ ಬಂದದ್ದು. ತೆಗೆದದ್ದು ಸೋಮವಾರ ಮಧ್ಯಾಹ್ನವೆಂದು ಚಿತ್ರದ ಮೂಲೆಯಲ್ಲೇ ಇತ್ತು. ಒಂದು ಪ್ರಾಣಿ ಆಶ್ರಯದ ಹಿತ್ತಿಲು. ಹಸಿರು ಕೋಟು ತೊಟ್ಟ ಹೆಂಗಸೊಬ್ಬಳು ಬೆನ್ನು ತಿರುಗಿಸಿ ನಿಂತು ಗೋಣಿಚೀಲವೊಂದನ್ನು ಕಸದ ತೊಟ್ಟಿಗೆ ತಳ್ಳುತ್ತಿದ್ದಾಳೆ. ಚೀಲದ ಬಾಯಿಂದ ಬಾಲದಂಥದ್ದೇನೋ ಇಣುಕುತ್ತಿದೆ. "ಜೀವ ಇರೋ ನಾಯಿಮರಿಗಳು" ಎಂದು ಹಾಕಿದವನ ಒಕ್ಕಣೆ. ಆಶ್ರಯದ ಜಾಲತಾಣದಲ್ಲಿ ಹಸಿರು ಕೋಟು ತೊಟ್ಟವರ ಚಿತ್ರ ಒಂದೇ ಇತ್ತು: ಮೂರು ಕಾಲಿನ ನಾಯಿಯೊಂದನ್ನು ಎತ್ತಿಕೊಂಡು ನಗುತ್ತಿದ್ದ ನರ್ಸು. ಅವಳು ಒತ್ತಕ್ಕನ ತಂಗಿ. ಗೋಡೆಗೆ ಇಷ್ಟು ಸಾಕಾಯಿತು. ರಾತ್ರಿ ಕಳೆಯುವಷ್ಟರಲ್ಲಿ ತಂಗಿಯ ಮನೆ, ಫೋನು, ಗಂಡ ಬಿಟ್ಟುಹೋದ ವರ್ಷ, ಏಳು ವರ್ಷದ ಮಗಳ ಶಾಲೆ, ಎಲ್ಲವೂ ಎಳೆಯಲ್ಲಿದ್ದವು.

ಸೋಮವಾರ ಮಧ್ಯಾಹ್ನ ತಂಗಿ ಹಲ್ಲು ಕೀಳಿಸಿಕೊಳ್ಳುತ್ತ ದಂತವೈದ್ಯರ ಕುರ್ಚಿಯಲ್ಲಿದ್ದಳು. ವೇಳೆ ನಮೂದಾದ ಚೀಟಿ ಇತ್ತು. ಒತ್ತಕ್ಕ ಅದರ ಚಿತ್ರ ತೆಗೆದು ಗೋಡೆಗೆ ಹಾಕಿದಳು.

"ಚೀಟಿ ಮನೆಯವರ ಕೈಗಲ್ದೆ ಇನ್ಯಾರ ಕೈಗೆ ಸಿಗುತ್ತೆ?" ಎಂದು ಒಬ್ಬ ಕೇಳಿದ. "ಟೀಚರ್ರು ಅವಳ ಅಮ್ಮಾನೋ ಅಕ್ಕಾನೋ. ಇನ್ಮೇಲೆ ಪೂರ್ಣವಿರಾಮ ಕಂಡಲ್ಲಿ ಹಿಡೀರಿ."

ಆ ದಿನ ಒತ್ತಕ್ಕ ಹನ್ನೊಂದು ಸಲ ಬರೆದಳು. ಪ್ರತಿ ಸಲವೂ ಅವಳನ್ನು ಹಿಡಿದರು.

ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಿದ್ದವನು ಪೆನ್ನು ಎತ್ತಿ, "ಯಾರ ಮೇಲಮ್ಮ ದೂರು?" ಎಂದ.

"ಯಾರೋ ಅಂತ ಇದೆ."

"ಯಾರೋ ಅಂದ್ರೆ ಯಾರು?"

"ಎಲ್ಲರೂ ಯಾರೋನೇ ಸಾರ್. ಒಟ್ಟು ನಾನೂರ ಹನ್ನೆರಡು."

ಅವನು ಪೆನ್ನು ಕೆಳಗಿಟ್ಟ. "ಅಷ್ಟು ಜನರನ್ನ ಕೂರಿಸೋಕೆ ಬೆಂಚಿಲ್ಲ ನಮ್ಮಲ್ಲಿ," ಎಂದು ತಾನೇ ನಕ್ಕು, ಅವಳ ಮುಖ ನೋಡಿ ನಗು ನಿಲ್ಲಿಸಿ, ದೂರು ಬರೆದುಕೊಂಡು ಕಳಿಸಿದ.

ಮಾರನೆಯ ದಿನ ಅವಳು ಮುಖ್ಯ ಉಪಸಂಪಾದಕರ ಮುಂದೆ ನಿಂತಳು. ಪತ್ರಿಕೆಯಲ್ಲಿ ನಾಲ್ಕು ಸಾಲು ಹಾಕಿದರೆ ಸಾಕು, ಚಿತ್ರದಲ್ಲಿರುವುದು ಈಕೆಯಲ್ಲ ಎಂದು.

"ನಾವು ತಿದ್ದುಪಡಿ ಹಾಕೋದು ನಾವು ಮಾಡಿದ ತಪ್ಪಿಗಮ್ಮ," ಎಂದರು ಅವರು. ಕೆಟ್ಟ ಮನುಷ್ಯನಲ್ಲ, ಕುರ್ಚಿ ಎಳೆದು ಕೂರಿಸಿಯೇ ಹೇಳಿದರು. "ಊರವರ ತಪ್ಪಿಗೆಲ್ಲ ಹಾಕ್ತಾ ಹೋದ್ರೆ ಸುದ್ದಿಗೆ ಜಾಗ ಎಲ್ಲಿ? ಅದೂ ಅಲ್ದೆ, ಅಲ್ಲಿ ನೋಡಿರೋದು ಎಷ್ಟು ಜನ? ಐದು ಸಾವಿರ? ನಾವು ಐದು ಲಕ್ಷ ಜನಕ್ಕೆ ಹೇಳಿದ ಹಾಗಾಗುತ್ತೆ. ಬೂದಿ ಮುಚ್ಚಿದ ಕೆಂಡ, ಊದಬೇಡ."

ಹೊರಗೆ ಬಂದಾಗ ಕ್ರೈಂ ವರದಿಗಾರ ಅವಳ ಮೇಜಿನ ಅಂಚಿಗೆ ಕುಳಿತಿದ್ದ. ಕಚೇರಿಯಲ್ಲಿ ಗೋಡೆಯನ್ನು ಬಲ್ಲವನು ಅವನೊಬ್ಬನೇ.

"ಒತ್ತಕ್ಕ, ನೀವು ಬರೆದಷ್ಟೂ ಅದು ಮೇಲೆ ಬರುತ್ತೆ. ನಿನ್ನೆ ಬೆಳಿಗ್ಗೆ ಮೂರನೇ ಪುಟದಲ್ಲಿತ್ತು. ಮೊದಲನೇ ಪುಟಕ್ಕೆ ತಂದೋರು ನೀವೇ."

"ನಾನಾ?"

"ಹೂಂ. ಬೈದ್ರೂ ಮೇಲೆ ಬರುತ್ತೆ, ಬೇಡಿಕೊಂಡ್ರೂ ಮೇಲೆ ಬರುತ್ತೆ. ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ. ಬಾಯಿ ಮುಚ್ಕೊಂಡಿದ್ರೆ ತಾನಾಗೇ ಸಾಯುತ್ತೆ."

ಒತ್ತಕ್ಕ ಬಾಯಿ ಮುಚ್ಚಿಕೊಂಡಳು. ಅರ್ಧ ಗಂಟೆಗೊಮ್ಮೆ ನೋಡುತ್ತಿದ್ದಳು, ಜ್ವರ ನೋಡಿದ ಹಾಗೆ. ಮಧ್ಯಾಹ್ನ ಎರಡನೇ ಪುಟ. ಸಂಜೆ ನಾಲ್ಕನೇ ಪುಟ. ಶುಕ್ರವಾರ ಬೆಳಿಗ್ಗೆ ಏಳನೇ ಪುಟ. ರಜೆ ಹಾಕಿ ತಂಗಿಯ ಮನೆಗೆ ಹೋದಳು.

ತಂಗಿ ಬಾಗಿಲು ತೆರೆದಳು. ಉದ್ದ ಕೂದಲನ್ನು ಅಡುಗೆಮನೆಯ ಕತ್ತರಿಯಿಂದ ತಾನೇ ಕತ್ತರಿಸಿಕೊಂಡಿದ್ದಳು.

"ಹೇಗಿದೆ?"

"ಇಲಿ ಕಚ್ಚಿದ ಹಾಗಿದೆ."

ಇಬ್ಬರೂ ನಕ್ಕರು. ತಂಗಿ ನಗುತ್ತಲೇ ಅತ್ತು ಬಾಗಿಲಿಗೊರಗಿದಳು. ಮೂರು ದಿನದಿಂದ ಕೆಲಸಕ್ಕೆ ಬರಬೇಡವೆಂದಿದ್ದರು. ಫೋನಿನ ಸದ್ದು ಅಡಗಿಸಿ ಅಕ್ಕಿ ಡಬ್ಬದಲ್ಲಿಟ್ಟಿದ್ದಳು. ಮಗಳನ್ನು ಮಾತ್ರ ಶಾಲೆಗೆ ಕಳಿಸುತ್ತಿದ್ದಳು, ಮನೆಯಲ್ಲಿಟ್ಟರೆ ಕಾರಣ ಹೇಳಬೇಕಾಗುತ್ತದೆ ಎಂದು.

"ಏಳನೇ ಪುಟಕ್ಕೆ ಬಂದಿದೆ ಕಣೇ," ಎಂದಳು ಒತ್ತಕ್ಕ. "ಇನ್ನು ಮೂರು."

ತಂಗಿ ಅದುವರೆಗೆ ಚಿತ್ರವನ್ನು ನೆಟ್ಟಗೆ ನೋಡಿರಲಿಲ್ಲ. ಈಗ ಧೈರ್ಯ ಬಂದು ಅಕ್ಕನ ಫೋನಿನಲ್ಲಿ ಹಿಗ್ಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಅಕ್ಕ, ಈ ಬೂಟು ನೋಡು. ಎಡಗಾಲಿನ ಹಿಮ್ಮಡಿಗೆ ಕಪ್ಪು ಟೇಪು. ಇದು ನಮ್ಮ ತೊಳೆಯೋ ಅಮ್ಮ."

ಆಶ್ರಯದಲ್ಲಿ ನಾಯಿಗೂಡು ತೊಳೆಯುವ ಹೆಂಗಸು. ಆ ಹಸಿರು ಕೋಟು ತಂಗಿಯೇ ಕೊಟ್ಟ ಹಳೆಯದು. ಸೋಮವಾರ ಕೊಳೆತ ಹಾಸಿಗೆಗಳನ್ನು ಎಸೆಯುವ ದಿನ. ಚೀಲದಲ್ಲಿದ್ದದ್ದು ಅವೇ, ಬಾಲದಂತೆ ಇಣುಕಿದ್ದು ಹಾಸಿಗೆಯ ಅಂಚಿನ ಹಗ್ಗ. ಅಲ್ಲಿಗೆ ಯಾರೂ ಯಾರನ್ನೂ ಕೊಂದಿರಲಿಲ್ಲ.

"ಎಲ್ಲಿರೋದು ಅವರು?"

"ಆಶ್ರಯದ ಹಿಂದಿನ ಎರಡನೇ ಬೀದಿ. ಅಕ್ಕಿ ಅಂಗಡಿ ಮೇಲಿನ ಮನೆ. ಯಾಕೆ? ಬೇಡಕ್ಕ. ಪಾಪದವರು. ನನ್ನ ಮಗಳಿಗೆ ಸ್ವೆಟರ್ ಹೆಣೆದು ಕೊಟ್ಟಿದಾರೆ."

"ನಾನೇನೂ ಅಂದಿಲ್ಲ."

ಮಧ್ಯಾಹ್ನ ಎರಡು ಮುಕ್ಕಾಲಿಗೆ ಒತ್ತಕ್ಕ ಮತ್ತೆ ನೋಡಿದಳು. ಎಳೆ ಮೊದಲ ಪುಟದ ತುದಿಯಲ್ಲಿತ್ತು. ಹೊಸ ಚಿತ್ರವೊಂದು ಸೇರಿತ್ತು: ಶಾಲೆಯ ಗೇಟು, ಒಳಗೆ ಹೋಗುತ್ತಿರುವ ಮಗುವಿನ ಬೆನ್ನು, ಹಳದಿ ಚೀಲ. ಚೀಲದ ಜಿಪ್ಪಿಗೆ ಕಟ್ಟಿದ್ದ ಉಣ್ಣೆಯ ಮೊಲವನ್ನು ಕಳೆದ ತಿಂಗಳು ಕೊಡಿಸಿದವಳು ಒತ್ತಕ್ಕನೇ. ಚಿತ್ರದ ಕೆಳಗೆ ಎರಡೇ ಪದ.

"ಮರಿಗೆ ಮರಿ."

ಅದರ ಕೆಳಗೆ ಯಾರೋ ಒಬ್ಬ "ಲೋ ಇದು ಅತಿಯಾಯ್ತು" ಎಂದಿದ್ದ. ಇನ್ನೊಬ್ಬ ಬಾಯಿ ಚಪ್ಪರಿಸುವ ನಾಯಿಯ ಚಿತ್ರ ಹಾಕಿದ್ದ. ಮತ್ತೊಬ್ಬ "ಗೇಟು ಎಷ್ಟು ಗಂಟೆಗೆ ಬಿಡ್ತಾರೆ?" ಎಂದಿದ್ದ.

ತಂಗಿ ಚಪ್ಪಲಿಯಿಲ್ಲದೆ ಶಾಲೆಗೆ ಓಡಿದಳು. ಮಗಳನ್ನು ಎತ್ತಿಕೊಂಡೇ ಬಂದಳು, ಏಳು ವರ್ಷದ ಹುಡುಗಿಯನ್ನು. ಬಾಗಿಲಿಗೆ ಎರಡೂ ಚಿಲಕ ಹಾಕಿ, ಮಗುವನ್ನು ಒಳಕೋಣೆಯಲ್ಲಿ ಕೂರಿಸಿ, ಅಕ್ಕನ ಎದುರು ನೆಲದ ಮೇಲೆ ಕುಳಿತಳು. ಪಾದದಲ್ಲಿ ರಕ್ತವಿತ್ತು.

"ಹೇಳ್ಬಿಡು ಅಕ್ಕ."

"ಏನನ್ನ?"

"ನಿನಗೆ ಗೊತ್ತು ಏನನ್ನ ಅಂತ. ಆಕೆಗೆ ಮಕ್ಕಳಿಲ್ಲ. ಓದೋಕೂ ಬರಲ್ಲ. ಬರೆದದ್ದು ಆಕೆಗೆ ಗೊತ್ತೂ ಆಗಲ್ಲ."

ಒತ್ತಕ್ಕ ಇಲ್ಲವೆನ್ನಲಿಲ್ಲ. ಆಮೇಲೆ ಯೋಚಿಸಿದಾಗಲೂ ತಾನು ಇಲ್ಲವೆಂದ ಒಂದು ಕ್ಷಣ ಅವಳಿಗೆ ನೆನಪಿಗೆ ಸಿಗಲಿಲ್ಲ. ಅವಳು ಯೋಚಿಸಿದ್ದು ಹೇಗೆ ಬರೆಯುವುದು ಎಂಬುದನ್ನು ಮಾತ್ರ. ಟೀಚರ್ ಬರೆದರೆ ಯಾರೂ ನಂಬುವುದಿಲ್ಲ. ತಪ್ಪು ಬರೆಯಬೇಕು.

ಹತ್ತೊಂಬತ್ತು ವರ್ಷ ತಪ್ಪುಗಳ ಜೊತೆ ಸಂಸಾರ ಮಾಡಿದವಳಿಗೆ ಅದೇನು ಕಷ್ಟ. ಮಹಾಪ್ರಾಣ ಇಳಿಸಿದಳು. ದೀರ್ಘ ಕತ್ತರಿಸಿದಳು. ಗೋಡೆಯವರ ಅತಿ ದೊಡ್ಡ ರೋಗ ಹಕಾರದ್ದು: ಇರಬೇಕಾದಲ್ಲಿ ಬಿಡುತ್ತಾರೆ, ಇರಬಾರದಲ್ಲಿ ಸೇರಿಸುತ್ತಾರೆ. ಅವಳೂ ಒಂದು ಕಡೆ ಬಿಟ್ಟಳು, ಒಂದು ಕಡೆ ಸೇರಿಸಿದಳು.

"ಲೇ ನರ್ಸ್ ಅಲ್ಲ ಕಣ್ರೋ ಪೊಟೊದಲ್ಲಿ ಇರೊದು ಬೇರೆ ಹೆಂಗ್ಸು ಆಶ್ರಯದ ಇಂದಿನ ಎರಡ್ನೆ ಬೀದಿ ಹಕ್ಕಿ ಅಂಗಡಿ ಮೇಲಿನ ಮನೆ ಕಾಲಲ್ಲಿ ಟೇಪ್ ಸುತ್ತಿದ ಬೂಟು ನಾನೆ ನೋಡಿದಿನಿ"

ಪೂರ್ಣವಿರಾಮ ಇಡಲಿಲ್ಲ. ಬೆರಳು ಅಲ್ಲಿಗೆ ಹೋಗಿತ್ತು, ತಡೆದಳು.

ತಪ್ಪು ಕಂಡರೆ ಸರಿಯನ್ನೇ ಓದಿಕೊಳ್ಳುವುದು ಅವಳ ಕಣ್ಣಿಗೆ ಅಭ್ಯಾಸವಾಗಿತ್ತು. 'ಇಂದಿನ' ಎಂದಿದ್ದರೆ 'ಹಿಂದಿನ', 'ಹಕ್ಕಿ ಅಂಗಡಿ' ಎಂದಿದ್ದರೆ 'ಅಕ್ಕಿ ಅಂಗಡಿ'. ಎಲ್ಲರ ಕಣ್ಣೂ ಹಾಗೇ ಎಂದು ತಿಳಿದಿದ್ದಳು. ಆ ಬೀದಿಗೆ ಅವಳು ಒಮ್ಮೆಯೂ ಹೋಗಿರಲಿಲ್ಲ.

ಕಾಲು ಗಂಟೆಯಲ್ಲಿ ಗಾಳಿ ತಿರುಗಿತು. "ಬೂಟು ಸರಿ ಇದೆ, ಟೇಪು ಕಾಣ್ತಿದೆ." "ಹಾಗಾದ್ರೆ ನರ್ಸ್ ಅಲ್ವಾ? ಸಾರಿ ಯಾರೋ." ಹೊಸ ಎಳೆ ಹುಟ್ಟಿತು. ಹಳೆಯದು ಎರಡನೇ ಪುಟಕ್ಕೆ, ಮೂರಕ್ಕೆ, ಐದಕ್ಕೆ ಇಳಿಯಿತು. ಹಳದಿ ಚೀಲವೂ ಅದರೊಡನೆ ಇಳಿಯಿತು. ಒತ್ತಕ್ಕ ಹೊಸ ಎಳೆಯನ್ನು ತೆರೆದು ನೋಡಲಿಲ್ಲ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಕ್ರೈಂ ವರದಿಗಾರನ ಏಳು ಸಾಲು ಅವಳ ಮೇಜಿಗೆ ಬಂತು. ತಲೆಬರಹ: 'ಹಕ್ಕಿ ಅಂಗಡಿಗೆ ನುಗ್ಗಿ ದಾಂಧಲೆ'. ಅವಳ ಪೆನ್ನು ತಾನಾಗಿ ಹೋಗಿ ಹಕಾರದ ಮೇಲೆ ಗೀಟೆಳೆದು ಅಂಚಿನಲ್ಲಿ 'ಅ' ಬರೆಯಿತು. ತಲೆಬರಹವನ್ನು ಅವಳು ನಿಜವಾಗಿ ಓದಿದ್ದು ಆಮೇಲೆ.

"ಒತ್ತಕ್ಕ, ಇಲ್ಲಿ ನೀವೇ ತಪ್ಪಿದ್ರಿ," ಎಂದ ಅವನು, ಅಪರೂಪಕ್ಕೆ ಸಿಕ್ಕ ಖುಷಿಯಿಂದ. "ಹಕ್ಕೀನೇ ಅದು. ಪಂಜರ ಒಡೆದ್ರು ಅಂತ ಕೆಳಗೆ ಬರ್ದಿದೀನಲ್ಲ. ಅಕ್ಕೀನ ಯಾರಾದ್ರೂ ಪಂಜರದಲ್ಲಿ ಇಡ್ತಾರಾ?"

"ಆ ಬೀದೀಲಿ ಹಕ್ಕಿ ಅಂಗಡಿ ಇದೆಯಾ?"

"ಇದೆ. ಮೂಲೇಲಿ. ಅಕ್ಕಿ ಅಂಗಡಿಯಿಂದ ನಾಲ್ಕು ಬಾಗಿಲು ಆಚೆ. ನಡೆಸೋಳು ಮೇಲೇ ಇರೋದು, ಅರವತ್ತೊಂದು ವರ್ಷ, ಒಂಟಿ. ನಿನ್ನೆ ಸಂಜೆ ಆರು ಜನ. ಹಕ್ಕಿ ಮಾರೋಳು ನಾಯಿ ಕೊಲ್ಲದೆ ಬಿಡ್ತಾಳಾ ಅನ್ನೋದು ಅವರ ವಾದ. ಅಡ್ಡ ಹೋಗಿ ಆಕೆ ಕೈ ಮುರ್ಕೊಂಡಿದಾಳೆ. ಇವತ್ತು ನಾಲ್ಕಕ್ಕೆ ಮತ್ತೆ ಹೋಗ್ತಾರಂತೆ, ಗೋಡೆ ಮೇಲಿದೆ."

"ಪೊಲೀಸರು?"

"ದೂರು ಬರ್ಕೊಂಡಿದಾರೆ."

ಒತ್ತಕ್ಕ ಅಂಚಿನ 'ಅ'ವನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಇದ್ದಂತೆ ಇರಲಿ' ಎಂದು ಬರೆದಳು. ಆಮೇಲೆ ಗೋಡೆ ತೆರೆದಳು. ಬರೆಯಬೇಕಾದ ತಿದ್ದುಪಡಿ ಒಂದಕ್ಷರದ್ದು. ಅದನ್ನು ಬರೆದರೆ ಆ ಆರು ಜನ ನಾಲ್ಕು ಬಾಗಿಲು ಈಚೆ ಬಂದು ಸ್ವೆಟರ್ ಹೆಣೆಯುವ ಹೆಂಗಸಿನ ಮೆಟ್ಟಿಲು ಹತ್ತುತ್ತಾರೆ. ಎರಡೂ ಅಲ್ಲವೆಂದರೆ ಮತ್ತೆ ಹಳದಿ ಚೀಲ. ಒಂದು ಗಂಟೆ ಕಾಲ ಖಾಲಿ ಚೌಕವನ್ನು ನೋಡುತ್ತ ಕುಳಿತಿದ್ದು, ಏನನ್ನೂ ಬರೆಯದೆ ಎದ್ದಳು.

ಹಕ್ಕಿ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಬೀದಿಗೆಲ್ಲ ನವಣೆ ಕಾಳು ಚೆಲ್ಲಿತ್ತು. ಎದುರು ಮನೆಯ ಸೂರಿನ ಮೇಲೆ ನಾಲ್ಕೈದು ಸಣ್ಣ ಹಸಿರು ಹಕ್ಕಿಗಳು ಒಂದಕ್ಕೊಂದು ಅಂಟಿಕೊಂಡು ಕುಳಿತಿದ್ದವು. ಹಾರಿಹೋಗಲೂ ಗೊತ್ತಿಲ್ಲ, ಇಳಿದುಬರಲೂ ಗೊತ್ತಿಲ್ಲ. ಕೆಳಗೆ ಒಂದು ಬೆಕ್ಕು ಕಾಯುತ್ತಿತ್ತು. ಅಂಗಡಿಯವಳು ಬಲಗೈಗೆ ಪಟ್ಟಿ ಸುತ್ತಿಕೊಂಡು ಎಡಗೈಯಿಂದ ಗುಡಿಸುತ್ತಿದ್ದಳು.

"ಇವತ್ತು ವ್ಯಾಪಾರ ಇಲ್ಲಮ್ಮ. ಸೋಮವಾರ ಬನ್ನಿ. ಬದುಕಿದ್ರೆ," ಎಂದಳು.

"ನಾನು ಕೊಳ್ಳೋಕೆ ಬಂದಿಲ್ಲ." ಒತ್ತಕ್ಕ ನಿಂತೇ ಎಲ್ಲವನ್ನೂ ಹೇಳಿದಳು. ಹೇಳುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಚಿತ್ರ, ತಂಗಿ, ಮಗು, ಅಕ್ಕಿ ಅಂಗಡಿ, ಬೇಕೆಂದೇ ಸೇರಿಸಿದ ಒಂದಕ್ಷರ.

ಪೊರಕೆ ನಿಂತಿತು. "ಅಂದ್ರೆ ನೀನು ಆ ಬಡವೀನ ಹಿಡಿದು ಕೊಡೋಕೆ ಹೋಗಿ ನನ್ನ ಹಿಡಿದು ಕೊಟ್ಟೆ."

"ಹೌದು."

"ಅವಳು ಏನೂ ಮಾಡಿಲ್ಲ ಅಂತ ಗೊತ್ತಿದ್ದೂ."

"ಗೊತ್ತಿತ್ತು."

"ನನ್ನ ಬಗ್ಗೆ ಗೊತ್ತಿರಲಿಲ್ಲ. ಅದೊಂದು ಪುಣ್ಯ ಕಟ್ಕೊಂಡೆ," ಎಂದಳು ಅಂಗಡಿಯವಳು. ಒಡೆದ ಪಂಜರವೊಂದನ್ನು ಕಾಲಿನಿಂದ ಸರಿಸಿದಳು. "ಈಗ ಕ್ಷಮಿಸು ಅನ್ನೋಕೆ ಬಂದ್ಯಾ?"

"ನಾಲ್ಕಕ್ಕೆ ಅವರು ಬರ್ತಾರೆ. ಬಾಗಿಲು ಹಾಕಿ ನನ್ನ ಜೊತೆ ಬನ್ನಿ."

"ಇವುಗಳನ್ನ ಬಿಟ್ಟು?" ಉಳಿದ ಪಂಜರಗಳ ಕಡೆಗೆ ಗದ್ದ ತೋರಿಸಿದಳು. "ನೀನು ಬೇಕಾದ್ರೆ ಇರು. ಬಂದವರಿಗೆ ನೀನೇ ಹೇಳು. ಬರೆಯೋಕೆ ಬಂತಲ್ಲ, ಬಾಯಲ್ಲಿ ಹೇಳೋಕೂ ಬರಬೇಕು."

"ಹೇಳಿದ್ರೆ ಮತ್ತೆ ನನ್ನ ತಂಗಿ ಮನೆಗೆ ಹೋಗ್ತಾರೆ."

"ಹೋಗ್ತಾರೆ. ಆದ್ರೆ ಈಗ ಬರ್ತಿರೋದು ನನ್ನ ಬಾಗಿಲಿಗೆ." ಅವಳು ಸ್ಟೂಲೊಂದನ್ನು ಹೊಸ್ತಿಲ ಹೊರಗಿಟ್ಟಳು. "ಆ ಫೋಟೋ ನಾನೂ ನೋಡಿದೆ. ನಿನ್ನೆ ಮುಖಕ್ಕೆ ಹಿಡಿದು ತೋರಿಸಿದ್ರು. ಬೆನ್ನು. ನಿನ್ನ ಬೆನ್ನೂ ಹಾಗೇ ಇದೆ, ನನ್ನದೂ ಹಾಗೇ ಇದೆ. ಬೆನ್ನಿಗೇನು ಮೂಗು ಬಾಯಿ ಇರುತ್ತಾ?"

ಒತ್ತಕ್ಕ ಸ್ಟೂಲಿನ ಮೇಲೆ ಕುಳಿತಳು. ಮೂರೂವರೆಗೆ ಫೋನು ಬಂತು. ತಂಗಿ ಅಳುತ್ತ ನಗುತ್ತಿದ್ದಳು. "ಅಕ್ಕ, ಹೋಯ್ತು! ಹತ್ತನೇ ಪುಟದಿಂದ ಬಿದ್ದೇ ಹೋಯ್ತು. ಹುಡುಕಿದ್ರೂ ಸಿಗ್ತಿಲ್ಲ. ಸೋಮವಾರದಿಂದ ಕೆಲಸಕ್ಕೆ ಬಾ ಅಂದ್ರು. ಇವಳು ಐಸ್‌ಕ್ರೀಂ ಅಂತಿದಾಳೆ, ಹೊರಗೆ ಕರ್ಕೊಂಡು ಹೋಗ್ಲಾ?"

"ಕರ್ಕೊಂಡು ಹೋಗು. ಬೇಗ ಹೋಗು. ಆಮೇಲೆ ಕೆಲವು ದಿನ ನನ್ನ ಮನೆ ಕಡೆ ಬರಬೇಡ, ಫೋನೂ ಮಾಡಬೇಡ."

"ಯಾಕೆ?"

"ಕೆಲಸ ಇದೆ," ಎಂದು ಇಟ್ಟಳು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಮೂರು ಜನ ಬೀದಿಯ ತಿರುವಿನಲ್ಲಿ ಕಂಡರು. ಗೂಂಡಾಗಳಂತೆ ಇರಲಿಲ್ಲ. ಕಾಲೇಜಿನ ಹುಡುಗಿಯರಿಬ್ಬರು, ಮುಂದೆ ಇಸ್ತ್ರಿ ಅಂಗಿಯ, ನಲವತ್ತರ ಆಸುಪಾಸಿನ ಗಂಡಸು, ಕೈಯಲ್ಲಿ ಹೆಲ್ಮೆಟ್ಟು. ಬ್ಯಾಂಕಿನ ಕೌಂಟರಿನಲ್ಲಿ ಕುಳಿತರೆ ಸಲ್ಲುವಂಥ ಮುಖ.

"ಅಂಗಡಿಯವರು ಇದಾರಾ ಮೇಡಂ?" ಎಂದು ಅವನು ವಿನಯದಿಂದಲೇ ಕೇಳಿದ.

"ಅವರಲ್ಲ. ನೀವು ಹುಡುಕ್ತಿರೋದು ಅವರನ್ನಲ್ಲ," ಎಂದಳು ಒತ್ತಕ್ಕ. ಎದ್ದು ನಿಂತಳು. "ಗೋಡೆ ಮೇಲೆ ಈ ವಿಳಾಸ ಬರೆದದ್ದು ನಾನು. ತಪ್ಪು ಬರೆದೆ. ಚೀಲದಲ್ಲಿ ಮರಿಗಳೂ ಇರಲಿಲ್ಲ. ಹಳೇ ಹಾಸಿಗೆ."

ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. "ಎಲ್ಲಾ ಹೀಗೇ ಅಂತಾರೆ," ಎಂದಳು ಒಬ್ಬಳು.

"ಸರಿ ಮೇಡಂ, ನರ್ಸ್ ಅಲ್ಲ ಅಂತ ಆಯ್ತು," ಎಂದ ಅವನು, ಲೆಕ್ಕ ಕೂಡುವವನ ಹಾಗೆ. "ಇವರೂ ಅಲ್ಲ ಅಂತೀರಿ. ಇಷ್ಟೆಲ್ಲ ಆದ ಮೇಲೆ ಯಾರಾದರೂ ಇರಲೇಬೇಕಲ್ಲ?"

ಒಳಗೆ ಒಂದು ಹಕ್ಕಿ ರೆಕ್ಕೆ ಬಡಿದು ಸುಮ್ಮನಾಯಿತು. ಒತ್ತಕ್ಕ ಬೀದಿಯುದ್ದಕ್ಕೆ ನೋಡಿದಳು. ನಾಲ್ಕು ಬಾಗಿಲು ಆಚೆ, ಅಕ್ಕಿ ಅಂಗಡಿಯ ಮೇಲಿನ ಕಿಟಕಿಯಲ್ಲಿ ಯಾರದೋ ಕೈ ಒಗೆದ ಬಟ್ಟೆ ಹರವುತ್ತಿತ್ತು.

"ಇದಾರೆ," ಎಂದಳು. "ಫೋಟೋದಲ್ಲಿರೋದು ನಾನು."

ಅಂಗಡಿಯವಳು ಬಾಗಿಲಿಗೆ ಬಂದಳು. ಒತ್ತಕ್ಕನ ಮುಖ ನೋಡಿ, ಪೊರಕೆಯನ್ನು ಬಾಗಿಲಿಗೆ ಒರಗಿಸಿದಳು.

"ಹೆಸರು?" ಎಂದ ಅವನು, ಫೋನು ತೆಗೆದು.

ಒತ್ತಕ್ಕ ತನ್ನ ಹೆಸರು ಹೇಳಿದಳು, ಅಪ್ಪನ ಹೆಸರು ಹೇಳಿದಳು, ಪತ್ರಿಕೆಯ ಕಚೇರಿಯ ವಿಳಾಸ ಹೇಳಿದಳು. ಅವನು ಬೆರಳಾಡಿಸಿದ. ಒಬ್ಬ ಹುಡುಗಿ ಅವಳ ಚಿತ್ರ ತೆಗೆದಳು; ಈ ಸಲ ಎದುರಿನಿಂದ.

"ತೋರಿಸಿ, ಏನು ಬರೆದಿರಿ."

ಅವನು ತುಸು ಅಚ್ಚರಿಯಿಂದ ಫೋನು ತಿರುಗಿಸಿದ.

"ಮೂರನೇ ಅಕ್ಷರಕ್ಕೆ ದೀರ್ಘ ಬೇಕು," ಎಂದಳು.

"ಇರಲಿ ಬಿಡಿ ಮೇಡಂ, ಅರ್ಥ ಆಗುತ್ತೆ."

"ಆಗಲ್ಲ," ಎಂದಳು ಒತ್ತಕ್ಕ. "ಹಾಕಿ."

ಅವನು ಹಾಕುವವರೆಗೂ ಅವಳು ನೋಡುತ್ತ ನಿಂತಳು.